ಬರುವ ದಿನ ಗೊತ್ತಿಲ್ಲದ ಹಡಗು

ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಕೊಯ್ಲಾದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹದಗೊಂಡು, ಘಾಟಿ ಇಳಿದು ಪಣಂಬೂರಿನ ನವಮಂಗಳೂರು ಬಂದರು ಸೇರುತ್ತದೆ. ಇಪ್ಪತ್ತು ಅಡಿಯ ಒಂದು ಕಂಟೇನರಿಗೆ 60 ಕಿಲೋದ 320 ಚೀಲ ಹಿಡಿಸುತ್ತದೆ. ತೂಕ 19 ಟನ್ನಿಗೆ ತುಸು ಮೇಲೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವುದು ಕರ್ನಾಟಕ, ಆ ಕಾಫಿಗೆ ಹೊರದೇಶದಲ್ಲಿ ಅತಿ ದೊಡ್ಡ ಗಿರಾಕಿ ಇಟಲಿ. ಅಲ್ಲಿಗೆ ಹೋಗುವ ದಾರಿ ದಶಕಗಳ ಕಾಲ ಒಂದೇ ಆಗಿತ್ತು: ಅರಬ್ಬೀ ಸಮುದ್ರ ದಾಟಿ, ಬಾಬ್ ಅಲ್ ಮಂದೆಬ್ ಜಲಸಂಧಿ ಹೊಕ್ಕು, ಕೆಂಪು ಸಮುದ್ರ ಹಾಯ್ದು ಸೂಯೆಜ್ ಕಾಲುವೆಯಿಂದ ಮೆಡಿಟರೇನಿಯನ್‌ಗೆ. 2023ರ ನವೆಂಬರ್ 19ರಂದು ಯೆಮನ್‌ನ ಹೂಥಿ ಬಂಡುಕೋರರು ಅದೇ ದಾರಿಯಲ್ಲಿ ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ವಶಪಡಿಸಿಕೊಂಡರು. ಡಿಸೆಂಬರ್ ನಡುವಿಗೆ ಮೆರ್ಸ್ಕ್, ಎಂಎಸ್‌ಸಿ, ಹಪಾಗ್ ಲಾಯ್ಡ್, ಸಿಎಂಎ ಸಿಜಿಎಂ ಹೀಗೆ ದೊಡ್ಡ ಕಂಪನಿಗಳೆಲ್ಲ ಆ ದಾರಿ ಬಿಟ್ಟು ಆಫ್ರಿಕಾದ ತುದಿ ಸುತ್ತುವ ಗುಡ್ ಹೋಪ್ ಭೂಶಿರದ ದಾರಿ ಹಿಡಿದವು. ಭಾರತದ ಪಶ್ಚಿಮ ಕರಾವಳಿಯಿಂದ ಇಟಲಿಗೆ ದೂರ ಇಮ್ಮಡಿಗೂ ಹೆಚ್ಚಾಯಿತು. ಪಯಣಕ್ಕೆ ಎರಡು ವಾರ ಹೆಚ್ಚು, ಇಂಧನಕ್ಕೆ ಇಷ್ಟು ಹೆಚ್ಚು, ಬಾಡಿಗೆಗೆ ಇಷ್ಟು ಹೆಚ್ಚು ಎಂಬ ಲೆಕ್ಕಗಳು ಎಲ್ಲ ಪತ್ರಿಕೆಗಳಲ್ಲೂ ಬಂದವು. ಆ ಲೆಕ್ಕಗಳಲ್ಲಿ ತಪ್ಪಿಲ್ಲ. ಆದರೆ ಸಾಗಣೆಯನ್ನು ನಂಬಿ ಬದುಕುವವರಿಗೆ ತಟ್ಟಿದ ದೊಡ್ಡ ಪೆಟ್ಟು ಅವುಗಳಲ್ಲಿ ಕಾಣುವುದಿಲ್ಲ. ಹಡಗು ಎಷ್ಟು ದಿನ ತಡವಾಗಿ ಬರುತ್ತದೆ ಎಂಬುದಕ್ಕಿಂತ, ಅದು ಯಾವತ್ತು ಬರುತ್ತದೆಂದು ಯಾರಿಗೂ ಹೇಳಲಾಗದೆ ಹೋದದ್ದು ಹೆಚ್ಚು ದುಬಾರಿಯಾಯಿತು ಎಂಬುದು ನನ್ನ ವಾದ.

ದಿನವೂ ಸರಿಯಾಗಿ ಒಂದು ಗಂಟೆ ತಡವಾಗಿ ಬರುವ ಬಸ್ಸಿಗೆ ಊರಿನವರು ಒಂದು ವಾರದಲ್ಲಿ ಹೊಂದಿಕೊಳ್ಳುತ್ತಾರೆ. ಒಂದು ಗಂಟೆ ತಡವಾಗಿ ಮನೆ ಬಿಡುತ್ತಾರೆ, ಅಷ್ಟೆ. ಇವತ್ತು ಹತ್ತು ನಿಮಿಷ, ನಾಳೆ ಎರಡು ಗಂಟೆ, ನಾಡಿದ್ದು ಸಮಯಕ್ಕೆ ಸರಿಯಾಗಿ ಎಂದು ಬರುವ ಬಸ್ಸಿಗೆ ಮಾತ್ರ ಯಾರೂ ಹೊಂದಿಕೊಳ್ಳಲಾರರು. ಎಲ್ಲರೂ ದಿನವೂ ಮೊದಲೇ ಬಂದು ನಿಲ್ಲಬೇಕು. ಸಮುದ್ರದ ಸರಕಿನದೂ ಇದೇ ಕತೆ. 25 ದಿನದ ಪಯಣ 40 ದಿನವಾದರೆ ವ್ಯಾಪಾರಿ ಒಮ್ಮೆ ತನ್ನ ಲೆಕ್ಕ ತಿದ್ದುತ್ತಾನೆ: ಹದಿನೈದು ದಿನ ಮೊದಲು ಆರ್ಡರ್ ಹಾಕುತ್ತಾನೆ, ಹದಿನೈದು ದಿನದ ಬಡ್ಡಿಯನ್ನು ಬೆಲೆಗೆ ಸೇರಿಸುತ್ತಾನೆ. ಒಂದು ಸಲ 28, ಮತ್ತೊಂದು ಸಲ 52 ದಿನವಾಗುವ ದಾರಿಯಲ್ಲಿ ತಿದ್ದಲು ಒಂದು ಸಂಖ್ಯೆಯೇ ಇರುವುದಿಲ್ಲ. ಅವನು ಪ್ರತಿ ಸಲವೂ ಅತಿ ಕೆಟ್ಟ ಸಾಧ್ಯತೆಗೆ ಸಿದ್ಧನಾಗಿರಬೇಕು, ಆ ಸಿದ್ಧತೆಯ ಖರ್ಚನ್ನು ಹಡಗು ಸಮಯಕ್ಕೆ ಬಂದ ದಿನವೂ ತೆರಬೇಕು.

ಇದನ್ನು ಅಂಕಿಗಳಲ್ಲಿ ನೋಡಬಹುದು. ದಾಸ್ತಾನು ನಿರ್ವಹಣೆಯ ಪಠ್ಯಗಳಲ್ಲಿ ಎಲ್ಲರೂ ಕಲಿಯುವ ಒಂದು ಸೂತ್ರವಿದೆ. ಅದಕ್ಕೊಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಕಾಫಿ ಹುರಿಯುವ ಒಂದು ಘಟಕ ದಿನಕ್ಕೆ ಸರಾಸರಿ 100 ಚೀಲ ಬಳಸುತ್ತದೆ, ಆ ಬಳಕೆ 20 ಚೀಲದಷ್ಟು ಆಚೀಚೆ ಆಗುತ್ತದೆ ಎನ್ನೋಣ. ಸರಕು ಬರಲು ಸರಾಸರಿ 30 ದಿನ ಬೇಕು, ಅದರಲ್ಲಿ 2 ದಿನದ ಏರುಪೇರಿದೆ. ನೂರರಲ್ಲಿ 95 ಸಲ ಒಲೆ ಆರದಂತೆ ನೋಡಿಕೊಳ್ಳಲು ಆ ಘಟಕ ಸುಮಾರು 375 ಚೀಲವನ್ನು ಕಾಪುದಾಸ್ತಾನಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಸರಾಸರಿ 30 ದಿನವೇ ಉಳಿದು ಏರುಪೇರು 2ರಿಂದ 8 ದಿನಕ್ಕೆ ಹೋದರೆ ಕಾಪುದಾಸ್ತಾನು ಸುಮಾರು 1,330 ಚೀಲಕ್ಕೆ ಜಿಗಿಯುತ್ತದೆ, ಮೂರೂವರೆ ಪಟ್ಟು. ಈಗ ಇನ್ನೊಂದು ಬಗೆಯಲ್ಲಿ ನೋಡಿ. ಏರುಪೇರು 8 ದಿನವೇ ಇರಲಿ, ಪಯಣವನ್ನು 30ರಿಂದ 20 ದಿನಕ್ಕೆ ಇಳಿಸೋಣ. ಹತ್ತು ದಿನ ಉಳಿಸಿದ್ದಕ್ಕೆ ಕಾಪುದಾಸ್ತಾನಿನಲ್ಲಿ ಆಗುವ ಉಳಿತಾಯ ನಾಲ್ಕು ಚೀಲ. ಕಾರಣ ಸರಳ: ದಿನದ ಬಳಕೆಯ ಹೆಚ್ಚುಕಡಿಮೆಗಳು ಒಂದನ್ನೊಂದು ಸರಿದೂಗಿಸುತ್ತ ಹೋಗುತ್ತವೆ, ಹಾಗಾಗಿ ದಿನಗಳು ಹೆಚ್ಚಿದಂತೆ ಅವುಗಳ ಒಟ್ಟು ಪರಿಣಾಮ ನಿಧಾನವಾಗಿ ಬೆಳೆಯುತ್ತದೆ. ಹಡಗು ಬಾರದ ಒಂದೊಂದು ದಿನಕ್ಕೂ ಇಡೀ ದಿನದ ಬಳಕೆಯೇ, ನೂರು ಚೀಲಗಳೇ, ಕೊರತೆಯಾಗುತ್ತವೆ. ಅದನ್ನು ಸರಿದೂಗಿಸಲು ಏನೂ ಇಲ್ಲ.

ಲೆಕ್ಕ ಬಲ್ಲವರು ಇಲ್ಲಿ ತಕ್ಷಣ ತಡೆಯುತ್ತಾರೆ. ಹತ್ತು ದಿನ ಕಡಿಮೆಯಾದರೆ ಸಮುದ್ರದ ಮೇಲಿರುವ ಸರಕೂ ಕಡಿಮೆಯಾಗುತ್ತದಲ್ಲ, ದಿನಕ್ಕೆ ನೂರರಂತೆ ಸಾವಿರ ಚೀಲದ ಹಣ ಬಿಡುಗಡೆಯಾಗುತ್ತದಲ್ಲ ಎಂದು. ನಿಜ. ದೂರಕ್ಕೂ ಬೆಲೆಯಿದೆ, ಅದು ಸಣ್ಣದಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಹಮ್ಮೆಲ್ಸ್ ಮತ್ತು ಗೆಯಾರ್ಗ್ ಶೌರ್ 2013ರಲ್ಲಿ ಪ್ರಕಟಿಸಿದ ಅಧ್ಯಯನ, ಸರಕು ದಾರಿಯಲ್ಲಿ ಕಳೆಯುವ ಒಂದೊಂದು ದಿನವೂ ಅದರ ಮೌಲ್ಯದ ಮೇಲೆ ಶೇ 0.6ರಿಂದ ಶೇ 2.1ರಷ್ಟು ಸುಂಕ ಹಾಕಿದ್ದಕ್ಕೆ ಸಮ ಎಂದು ಅಂದಾಜು ಮಾಡಿತ್ತು. ಆದರೂ ಎರಡು ವೆಚ್ಚಗಳ ಸ್ವಭಾವ ಬೇರೆ. ದೂರದ ವೆಚ್ಚ ಮೊದಲೇ ತಿಳಿದದ್ದು, ಎಲ್ಲ ಸ್ಪರ್ಧಿಗಳಿಗೂ ಹೆಚ್ಚುಕಡಿಮೆ ಒಂದೇ ಆದದ್ದು, ಕರಾರಿನಲ್ಲಿ ಬರೆಯಬಹುದಾದದ್ದು. ಮಂಗಳೂರಿಗೂ ಜಿನೋವಾಕ್ಕೂ ನಡುವಿನ ಸಮುದ್ರವನ್ನು ಕಿರಿದು ಮಾಡುವುದು ಯಾರ ಕೈಯಲ್ಲೂ ಇಲ್ಲ. ಏರುಪೇರಿನ ಬಹುಭಾಗವಾದರೋ ಮನುಷ್ಯರ ತೀರ್ಮಾನಗಳಿಂದ ಹುಟ್ಟುತ್ತದೆ. ಹಾಗಾಗಿಯೇ ನಾವು ಗಮನವಿಡಬೇಕಾದದ್ದು ಅದರ ಮೇಲೆ.

ಮೇಲಿನ ಸೂತ್ರದಲ್ಲೂ ಒಂದು ಸೌಜನ್ಯವಿದೆ; ತಡವಾಗುವುದೂ ಬೇಗ ಬರುವುದೂ ಸಮಸಮ ಎಂದು ಅದು ನಂಬುತ್ತದೆ. ಸಮುದ್ರ ಹಾಗಿಲ್ಲ. ಹಡಗು ಒಂದೆರಡು ದಿನ ಬೇಗ ಬರಬಹುದು, ಅದಕ್ಕಿಂತ ಹೆಚ್ಚಿಲ್ಲ. ತಡವಾಗುವುದಕ್ಕೆ ಮಿತಿಯೇ ಇಲ್ಲ. 2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ಎವರ್ ಗಿವನ್ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು, 29ರಂದು ಬಿಡುಗಡೆಯಾಯಿತು. ತಡೆ ಆರು ದಿನದ್ದು, ಅಷ್ಟರಲ್ಲಿ 400ಕ್ಕೂ ಹೆಚ್ಚು ಹಡಗುಗಳು ಸಾಲುಗಟ್ಟಿದ್ದವು. ದಾರಿ ತೆರೆದ ಮೇಲೆ ಅವೆಲ್ಲ ಒಟ್ಟಿಗೇ ಯುರೋಪಿನ ಬಂದರುಗಳ ಬಾಗಿಲಿಗೆ ಬಂದವು. ಆರು ದಿನದ ಪೆಟ್ಟು ವಾರಗಟ್ಟಲೆ ಮಾರ್ದನಿಸಿತು. 2024ರ ಜನವರಿಯಲ್ಲಿ ಕೆಂಪು ಸಮುದ್ರದ ದಾರಿ ಮುಚ್ಚಿದಾಗ ಬರ್ಲಿನ್ ಬಳಿಯ ಟೆಸ್ಲಾ ಕಾರ್ಖಾನೆ ಎರಡು ವಾರ ನಿಂತಿತು, ಬೆಲ್ಜಿಯಂನ ಘೆಂಟ್‌ನಲ್ಲಿ ವೋಲ್ವೊ ಗೇರ್‌ಬಾಕ್ಸ್ ಬಾರದೆ ಮೂರು ದಿನ ನಿಂತಿತು, ಹಂಗೆರಿಯ ಎಸ್ಟರ್ಗೋಮ್‌ನಲ್ಲಿ ಸುಜುಕಿ ಜಪಾನಿನ ಎಂಜಿನ್‌ಗಳಿಗಾಗಿ ಒಂದು ವಾರ ಕಾಯಿತು. ಅದೇ ಗುಡ್ ಹೋಪ್ ದಾರಿ, ಅದೇ ಹೆಚ್ಚುವರಿ ದಿನಗಳು ಮುಂದಿನ ವರ್ಷವೂ ಇದ್ದವು, ಆದರೆ ಅದೇ ಕಾರಣಕ್ಕೆ ಕಾರ್ಖಾನೆಗಳು ಸಾಲುಸಾಲಾಗಿ ನಿಂತದ್ದನ್ನು ನಾವು ಕೇಳಲಿಲ್ಲ. ದೂರ ಬದಲಾಗಿರಲಿಲ್ಲ, ಆ ವೇಳೆಗೆ ಕಂಪನಿಗಳು ಹಡಗುಗಳನ್ನು ಸೇರಿಸಿ ಹೊಸ ವೇಳಾಪಟ್ಟಿ ಬರೆದಿದ್ದವು, ಕಾರ್ಖಾನೆಗಳು ಹೊಸ ಅಂದಾಜಿಗೆ ಒಗ್ಗಿಕೊಂಡಿದ್ದವು.

ಈ ಏರುಪೇರು ಹುಟ್ಟುವುದೆಲ್ಲಿ ಎಂದು ಹುಡುಕಿದರೆ ಕಣ್ಣು ಮೊದಲು ಬಿರುಗಾಳಿಯ ಕಡೆಗೆ, ಯುದ್ಧದ ಕಡೆಗೆ ಹೋಗುತ್ತದೆ. ಅವು ಸುದ್ದಿಯಾಗುತ್ತವೆ. ಸುದ್ದಿಯಾಗದ ಕಾರಣ ಸರದಿಯ ಸಾಲು. ಬಂದರಿನಲ್ಲಿ ಹಡಗು ಕಟ್ಟುವ ಒಂದೇ ಬರ್ತ್ ಇದೆ, ಹಡಗುಗಳು ಗೊತ್ತುಗುರಿಯಿಲ್ಲದೆ ಬರುತ್ತವೆ ಎಂದಿಟ್ಟುಕೊಳ್ಳಿ. ಸರದಿಯ ಗಣಿತದ ಅತಿ ಸರಳ ಮಾದರಿಯ ಪ್ರಕಾರ, ಬರ್ತ್ ಅರ್ಧ ಸಮಯ ಮಾತ್ರ ತುಂಬಿರುತ್ತಿದ್ದರೆ ಒಂದು ಹಡಗು ಕಾಯುವ ಸರಾಸರಿ ಕಾಲ, ಒಂದು ಹಡಗಿನ ಸರಕು ಇಳಿಸಿ ಏರಿಸುವ ಕಾಲದಷ್ಟೇ. ಶೇ 80 ತುಂಬಿದರೆ ಅದು ನಾಲ್ಕು ಪಟ್ಟು. ಶೇ 90ಕ್ಕೆ ಒಂಬತ್ತು ಪಟ್ಟು, ಶೇ 95ಕ್ಕೆ ಹತ್ತೊಂಬತ್ತು. ಬರ್ತ್‌ನ ಬಳಕೆ ಶೇ 80ರಿಂದ 95ಕ್ಕೇರಿದಾಗ ಅಧಿಕಾರಿಯ ವರದಿಯಲ್ಲಿ ಅದು ದಕ್ಷತೆಯಾಗಿ ಕಾಣುತ್ತದೆ. ಹೊರಗೆ ಲಂಗರು ಹಾಕಿದ ಹಡಗಿಗೆ ಅದು ಸುಮಾರು ಐದು ಪಟ್ಟು ಕಾಯುವಿಕೆ. ನಿಜವಾದ ಬಂದರಿಗೆ ಹಲವು ಬರ್ತ್‌ಗಳಿರುತ್ತವೆ, ವೇಳಾಪಟ್ಟಿಯೂ ಇರುತ್ತದೆ, ಹಾಗಾಗಿ ಅಂಕಿ ಇಷ್ಟು ಕಠೋರವಾಗಿರುವುದಿಲ್ಲ. ಆದರೆ ರೇಖೆಯ ಬಾಗು ಅದೇ. ತುಂಬುತ್ತ ಬಂದ ಬಂದರು ಒಂದು ಹಂತದ ನಂತರ ಮೆಲ್ಲಗೆ ಹದಗೆಡುವುದಿಲ್ಲ, ಒಮ್ಮೆಲೇ ಕುಸಿಯುತ್ತದೆ. 2022ರ ಜನವರಿಯಲ್ಲಿ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಿಗಾಗಿ ನೂರಕ್ಕೂ ಹೆಚ್ಚು ಕಂಟೇನರ್ ಹಡಗುಗಳು ಕಾದಿದ್ದವು. ವೇಳಾಪಟ್ಟಿಯ ದಿನಕ್ಕಿಂತ ಒಂದು ದಿನ ಆಚೀಚೆ ಬಂದದ್ದನ್ನೂ ಸಮಯಕ್ಕೆ ಬಂದದ್ದೆಂದೇ ಎಣಿಸುವ ಸೀ ಇಂಟೆಲಿಜೆನ್ಸ್ ಸಂಸ್ಥೆಯ ಅಳತೆಯಲ್ಲಿ, ಆಗ ಜಗತ್ತಿನಾದ್ಯಂತ ಮೂರರಲ್ಲಿ ಒಂದು ಹಡಗೂ ಸಮಯಕ್ಕೆ ಸೇರುತ್ತಿರಲಿಲ್ಲ.

ಆ ಲಾಸ್ ಏಂಜಲೀಸ್ ಪ್ರಸಂಗದಲ್ಲಿ ಗಮನಿಸಬೇಕಾದ ಒಂದು ಸಣ್ಣ ಸಂಗತಿಯಿದೆ. ಸರದಿಯಲ್ಲಿ ಹಡಗಿನ ಸ್ಥಾನ ಅದು ಬಂದರಿನ ಸಮೀಪಕ್ಕೆ ಬಂದ ಹೊತ್ತಿನಿಂದ ಗೊತ್ತಾಗುತ್ತಿತ್ತು. ಹಾಗಾಗಿ ಎಲ್ಲರೂ ಪೆಸಿಫಿಕ್ ಸಾಗರವನ್ನು ಓಡೋಡಿ ದಾಟಿ, ಇಂಧನ ಸುಟ್ಟು, ಬಂದು ನಿಂತು ವಾರಗಟ್ಟಲೆ ಕಾಯುತ್ತಿದ್ದರು. 2021ರ ನವೆಂಬರ್ ನಡುವಿನಲ್ಲಿ ನಿಯಮ ಬದಲಾಯಿತು. ಹಿಂದಿನ ಬಂದರು ಬಿಟ್ಟ ಹೊತ್ತನ್ನು ಆಧರಿಸಿ ಸರದಿ ಕೊಡತೊಡಗಿದರು. ಹಡಗುಗಳು ನಿಧಾನವಾಗಿ ಬರಬಹುದಾಯಿತು, ದಡದ ಬಳಿ ಮುತ್ತುವುದು ತಗ್ಗಿತು. ಒಂದು ಹೊಸ ಬರ್ತ್ ಕಟ್ಟದೆ, ಒಂದು ಕ್ರೇನ್ ಕೊಳ್ಳದೆ ಆದ ಬದಲಾವಣೆ ಅದು. ಸಾಲು ಅದರಿಂದಲೇ ಕರಗಿತೆಂದು ಹೇಳಲಾರೆ, ಬೇಡಿಕೆ ಇಳಿದದ್ದೂ ಕಾರಣ. ಆದರೆ ಗೊಂದಲದಲ್ಲಿ ಎಷ್ಟು ಪಾಲು ನಿಯಮಗಳಿಂದಲೇ ಹುಟ್ಟಿರುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುವಂತಾಯಿತು.

ಮಂಗಳೂರಿನ ಕಾಫಿಗೆ ಇದರ ಮೇಲೆ ಇನ್ನೊಂದು ತೊಡಕು. ಪಣಂಬೂರಿಗೆ ಬರುವುದು ಬಹುಮಟ್ಟಿಗೆ ಫೀಡರ್ ಹಡಗುಗಳು. ಅವು ಪೆಟ್ಟಿಗೆಗಳನ್ನು ಕೊಲಂಬೊದಂಥ ದೊಡ್ಡ ಬಂದರಿಗೆ ಒಯ್ದು ಇಳಿಸುತ್ತವೆ, ಅಲ್ಲಿಂದ ತಾಯಿಹಡಗು ಅವನ್ನು ಯುರೋಪಿಗೆ ಕೊಂಡೊಯ್ಯುತ್ತದೆ. ತಾಯಿಹಡಗಿನ ಸೇವೆ ಸಾಮಾನ್ಯವಾಗಿ ವಾರಕ್ಕೊಂದು. ಫೀಡರ್ ಆರು ತಾಸು ತಡವಾಗಿ ತಾಯಿಹಡಗು ತಪ್ಪಿಹೋದರೆ ಸರಕಿಗೆ ಆಗುವ ತಡ ಆರು ತಾಸಲ್ಲ, ಏಳು ದಿನ. ಮುಂದಿನ ವಾರದ ಹಡಗು ತುಂಬಿದ್ದರೆ, ಅಥವಾ ಬೇಡಿಕೆ ಸಾಲದೆಂದು ಕಂಪನಿ ಆ ವಾರದ ಪಯಣವನ್ನೇ ರದ್ದು ಮಾಡಿದ್ದರೆ, ಹದಿನಾಲ್ಕು ದಿನ. ಸರಪಳಿಯ ಒಂದು ಕೊಂಡಿಯ ಸಣ್ಣ ತಡ ಮುಂದಿನ ಕೊಂಡಿಯಲ್ಲಿ ವಾರಗಳ ಗಾತ್ರಕ್ಕೆ ಬೆಳೆಯುತ್ತದೆ. ಕೆಂಪು ಸಮುದ್ರ ಮುಚ್ಚಿದ ತಿಂಗಳುಗಳಲ್ಲಿ ಹಡಗುಗಳು ಗುಂಪುಗುಂಪಾಗಿ ಬರತೊಡಗಿ ಏಷ್ಯಾದ ದೊಡ್ಡ ಬಂದರುಗಳೂ ಕಿಕ್ಕಿರಿದವು. 2024ರ ಮೇ ತಿಂಗಳ ಕೊನೆಗೆ ಸಿಂಗಾಪುರದಂಥ ಸಿಂಗಾಪುರದಲ್ಲೇ ಬರ್ತ್‌ಗಾಗಿ ಎರಡು ಮೂರು ದಿನ ಕಾಯಬೇಕಾಗಿ ಬಂತು. ಪೆಟ್ಟಿಗೆಯೊಳಗಿನ ಕಾಫಿಯಾದರೂ ಸುಮ್ಮನೆ ಕೂತಿರುವ ವಸ್ತುವಲ್ಲ. ಬೀಜದಲ್ಲಿ ಹತ್ತು ಹನ್ನೊಂದು ಶೇಕಡ ತೇವ ಇದ್ದೇ ಇರುತ್ತದೆ. ಬಿಸಿಲಿನಲ್ಲಿ ಬೀಜ ಬಿಟ್ಟ ಆವಿ ತಣ್ಣನೆಯ ತಗಡಿಗೆ ತಾಗಿ ಹನಿಯಾಗಿ ಚೀಲದ ಮೇಲೆ ಬೀಳುತ್ತದೆ. ಬಂದರಿನವರು ಇದನ್ನು ಕಂಟೇನರ್ ಬೆವರುವುದು ಎನ್ನುತ್ತಾರೆ. ಗುಡ್ ಹೋಪ್ ಸುತ್ತಿ ಹೋಗುವ ಪೆಟ್ಟಿಗೆ ಭೂಮಧ್ಯರೇಖೆಯನ್ನು ಎರಡು ಸಲ ದಾಟುತ್ತದೆ, ನಡುವೆ ದಕ್ಷಿಣದ ಚಳಿ ಹೊಕ್ಕು ಬರುತ್ತದೆ. ಒಳಗೆ ಕಾಗದದ ಅಸ್ತರಿ ಹೊದಿಸಿ, ತೇವ ಹೀರುವ ಚೀಲಗಳನ್ನು ತೂಗುಹಾಕಿ ರಕ್ಷಿಸುತ್ತಾರೆ. ನಲವತ್ತು ದಿನದ ಪಯಣಕ್ಕೆ ಎಷ್ಟು ಚೀಲ ಬೇಕೆಂದು ಲೆಕ್ಕ ಹಾಕಬಹುದು. ನಡುದಾರಿಯ ಬಂದರಿನ ಬಯಲಿನಲ್ಲಿ ಬಿಸಿಲಿಗೆ ಎಷ್ಟು ದಿನ ಕೂರಬೇಕೆಂದೇ ಗೊತ್ತಿಲ್ಲದ ಪೆಟ್ಟಿಗೆಗೆ ಎಷ್ಟು ಹಾಕುವುದು?

ಇದರ ಭಾರ ಹೊರುವವರು ಯಾರು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಬೇಗ ಮುಗಿಸಿಬಿಡುತ್ತಾರೆ. ನಮ್ಮ ಕಾಫಿ ಹೆಚ್ಚಾಗಿ ಮಾರಾಟವಾಗುವುದು ಎಫ್‌ಒಬಿ ಕರಾರಿನಲ್ಲಿ, ಅಂದರೆ ಹಡಗು ಏರಿದ ಮೇಲಿನ ಬಾಡಿಗೆಯೂ ಅಪಾಯವೂ ಕೊಂಡವನದು, ಹಾಗಾಗಿ ರಫ್ತುದಾರನಿಗೇನು ತೊಂದರೆ ಎನ್ನುತ್ತಾರೆ. ಕಾಗದದ ಮೇಲೆ ಸರಿ. ಆದರೆ ಹಡಗು ಬಾರದಿದ್ದರೆ ಸರಕು ಏರುವುದಿಲ್ಲ, ಏರದ ಸರಕಿಗೆ ಬಿಲ್ ಆಫ್ ಲೇಡಿಂಗ್ ಇಲ್ಲ, ಆ ದಾಖಲೆ ಇಲ್ಲದೆ ದುಡ್ಡಿಲ್ಲ. ಬ್ಯಾಂಕಿನಿಂದ ಪ್ಯಾಕಿಂಗ್ ಕ್ರೆಡಿಟ್ ತಂದು ಬೆಳೆಗಾರರಿಗೆ ಹಣ ಕೊಟ್ಟಿರುವ ಸಣ್ಣ ರಫ್ತುದಾರನ ಸಾಲದ ಮಿತಿ ಗೋದಾಮಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಮಿತಿಯಿಂದ ಅವನು ಮುಂದಿನ ಲಾಟು ಕೊಳ್ಳಲಾರ. ಹತ್ತು ಬ್ಯಾಂಕುಗಳಲ್ಲಿ ಖಾತೆಯಿರುವ ದೊಡ್ಡ ವ್ಯಾಪಾರಿ ಕೊಳ್ಳುತ್ತಾನೆ. ಕೊಯ್ಲಿನ ಹೊತ್ತಿಗೆ ಪೇಟೆಯಲ್ಲಿ ಕೊಳ್ಳುವವರು ಕಡಿಮೆಯಾದರೆ ಅದರ ಬಿಸಿ ತಟ್ಟುವುದು ಸೋಮವಾರಪೇಟೆಯ, ಮೂಡಿಗೆರೆಯ, ಸಕಲೇಶಪುರದ ಎರಡು ಮೂರು ಎಕರೆ ಬೆಳೆಗಾರನಿಗೆ. ಆ ಕಡೆ ಕೊಳ್ಳುವವನೂ ತನ್ನ ಅನಿಶ್ಚಿತತೆಯ ಖರ್ಚನ್ನು ಮುಂದಿನ ಕರಾರಿನ ಬೆಲೆಯಲ್ಲಿ ಹಿಂದಕ್ಕೆ ತಳ್ಳುತ್ತಾನೆ. ಯಾರ ಹೆಸರಿನಲ್ಲೂ ಬರೆಯದ ವೆಚ್ಚ ಸರಪಳಿಯಲ್ಲಿ ಎಲ್ಲರಿಗಿಂತ ಕಡಿಮೆ ಚೌಕಾಸಿ ಬಲ ಇರುವವನ ಬಳಿ ಹೋಗಿ ನಿಲ್ಲುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಭಾರತದ ಕಾಫಿ ರಫ್ತಿನ ಗಳಿಕೆ 2023-24ರಲ್ಲಿ ಸುಮಾರು 128 ಕೋಟಿ ಡಾಲರ್ ಇದ್ದದ್ದು 2024-25ರಲ್ಲಿ ಸುಮಾರು 180 ಕೋಟಿ ಡಾಲರಿಗೆ ಏರಿತು. ಸಮುದ್ರ ಅಲ್ಲೋಲಕಲ್ಲೋಲವಾದ ವರ್ಷವೇ ದಾಖಲೆಯ ಗಳಿಕೆ ಬಂದಿರುವಾಗ ನಷ್ಟ ಎಲ್ಲಿ ಎಂದು ಯಾರಾದರೂ ಕೇಳಬಹುದು. ಗಳಿಕೆ ಏರಿದ್ದು ಬೆಲೆಯಿಂದ. ವಿಯೆಟ್ನಾಂನಲ್ಲೂ ಬ್ರೆಜಿಲ್‌ನಲ್ಲೂ ಬರ ಬಿದ್ದು ಜಗತ್ತಿನ ಮಾರುಕಟ್ಟೆಯಲ್ಲಿ ರೊಬಸ್ಟಾ, ಅರೇಬಿಕಾ ಎರಡೂ ಕಂಡರಿಯದ ಬೆಲೆ ಮುಟ್ಟಿದವು. ಅಂಥ ವರ್ಷದಲ್ಲಿ ಸಾಗಣೆಯ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಬೆಲೆ ಇಳಿದ ವರ್ಷ ಅದೇ ಸೋರಿಕೆ ಲಾಭದ ಅಂಚನ್ನೇ ತಿಂದುಹಾಕುತ್ತದೆ. ಕಾಫಿಯ ಬೆಲೆ ಎಷ್ಟು ಬೇಗ ಏರುತ್ತದೋ ಅಷ್ಟೇ ಬೇಗ ಇಳಿದದ್ದನ್ನು ಮಲೆನಾಡು ಒಂದಕ್ಕಿಂತ ಹೆಚ್ಚು ಸಲ ಕಂಡಿದೆ. ಒಳ್ಳೆಯ ಬೆಲೆಯ ವರ್ಷವೇ ಇದನ್ನು ಸರಿಪಡಿಸಲು ತಕ್ಕ ಸಮಯ.

ಹಾಗಾದರೆ ದಾಸ್ತಾನು ಹೆಚ್ಚಿಸಿಕೊಳ್ಳಿ ಎಂಬುದು 2020ರಿಂದ ಎಲ್ಲ ಕಡೆ ಕೇಳಿಬಂದ ಸಲಹೆ. ಟೊಯೊಟ ಕಂಪನಿಯನ್ನೇ ಉದಾಹರಣೆ ಕೊಡುತ್ತಾರೆ: ಬೇಕಾದಾಗ ಬೇಕಾದಷ್ಟೇ ತರಿಸಿಕೊಳ್ಳುವ ಪದ್ಧತಿಯ ತವರಾದ ಆ ಕಂಪನಿಯೇ 2011ರ ಭೂಕಂಪದ ನಂತರ ಚಿಪ್‌ಗಳನ್ನು ತಿಂಗಳುಗಟ್ಟಲೆಗೆ ಸಾಕಾಗುವಷ್ಟು ಕೂಡಿಡಲು ಸರಬರಾಜುದಾರರಿಗೆ ಹೇಳಿತು. ಆದರೆ ಟೊಯೊಟ ಎಲ್ಲ ಬಿಡಿಭಾಗಗಳಿಗೂ ಹಾಗೆ ಮಾಡಲಿಲ್ಲ. ಯಾವುದು ಬರಲು ಕಾಲ ಹಿಡಿಯುತ್ತದೆ, ಯಾವುದಕ್ಕೆ ಬದಲಿ ಇಲ್ಲ ಎಂದು ನೋಡಿ ಆರಿಸಿತು. ಎಲ್ಲರೂ ಎಲ್ಲವನ್ನೂ ಕೂಡಿಡಲು ಹೊರಟರೆ ಆ ಹೆಚ್ಚುವರಿ ಆರ್ಡರ್‌ಗಳೇ ಬಂದರುಗಳನ್ನು ಇನ್ನಷ್ಟು ತುಂಬಿಸುತ್ತವೆ, ತುಂಬಿದ ಬಂದರು ಇನ್ನಷ್ಟು ಅನಿಶ್ಚಿತವಾಗುತ್ತದೆ. 2021ರಲ್ಲಿ ಆದದ್ದು ಬಹುಪಾಲು ಅದೇ. ದಾಸ್ತಾನು ಅನಿಶ್ಚಿತತೆಗೆ ವಿಮೆಯಾಗಬಹುದು. ಪ್ರೀಮಿಯಂ ಕಟ್ಟಲು ಶಕ್ತಿಯಿದ್ದವರಿಗೆ ಮಾತ್ರ ಅದು ದಕ್ಕುತ್ತದೆ.

ಇನ್ನು ತಂತ್ರಜ್ಞಾನ. ದೊಡ್ಡ ಹಡಗುಗಳು ತಮ್ಮ ಗುರುತು, ಸ್ಥಾನ, ವೇಗವನ್ನು ಬಿತ್ತರಿಸುವ ಎಐಎಸ್ ಉಪಕರಣ ಹೊಂದಿರುವುದು ಎರಡು ದಶಕಗಳಿಂದ ಕಡ್ಡಾಯ. ಈಗ ಯಾರು ಬೇಕಾದರೂ ಫೋನಿನಲ್ಲಿ ಹಡಗನ್ನು ನೋಡಬಹುದು. ನಕ್ಷೆಯ ಮೇಲೆ ಚುಕ್ಕೆ ಕಂಡ ಮಾತ್ರಕ್ಕೆ ಬರ್ತ್ ಖಾಲಿಯಾಗುವುದಿಲ್ಲ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಅವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹತ್ತು ದಿನ ತಡ ಎಂದು ಹತ್ತು ದಿನ ಮೊದಲೇ ತಿಳಿದರೆ ಅದು ಆ ಮಟ್ಟಿಗೆ ಅನಿಶ್ಚಿತತೆಯಾಗಿ ಉಳಿಯುವುದಿಲ್ಲ, ಉದ್ದ ಪಯಣವಾಗಿ ಮಾರ್ಪಡುತ್ತದೆ. ಅದಕ್ಕೆ ಲೆಕ್ಕ ಹಾಕಬಹುದು, ಬೇರೆ ಕಡೆಯಿಂದ ಸ್ವಲ್ಪ ಸರಕು ಹೊಂದಿಸಬಹುದು, ಲಾರಿಯನ್ನು ಮುಂದೂಡಬಹುದು. ಹಾಗಾಗಿ ನಿಜವಾದ ಮುನ್ಸೂಚನೆಗೆ ದೊಡ್ಡ ಬೆಲೆಯಿದೆ. ತೊಂದರೆ ಇರುವುದು ಮುನ್ಸೂಚನೆಯನ್ನು ಕೊಡುವ ರೀತಿಯಲ್ಲಿ. ಬಂದು ಸೇರುವ ದಿನ ಎಂದು ಒಂದೇ ತಾರೀಕು ಕೊಡುತ್ತಾರೆ. ಅದು ಆಗಾಗ ಬದಲಾಗುತ್ತದೆ, ಎಷ್ಟು ನಂಬಬಹುದೆಂಬುದು ತಿಳಿಯುವುದಿಲ್ಲ. ಈ ದಾರಿಯಲ್ಲಿ ನೂರರಲ್ಲಿ ಐವತ್ತು ಪೆಟ್ಟಿಗೆ 38 ದಿನದೊಳಗೆ, ತೊಂಬತ್ತೈದು ಪೆಟ್ಟಿಗೆ 51 ದಿನದೊಳಗೆ ಸೇರಿವೆ ಎಂಬಂಥ ಎರಡು ಅಂಕಿ ಕೊಟ್ಟರೆ ವ್ಯಾಪಾರಿ ತನ್ನ ತೀರ್ಮಾನವನ್ನು ತಾನೇ ಮಾಡಬಲ್ಲ.

ಇಂಥ ಅಂಕಿ ಕೊಡುವುದು ನಮ್ಮಲ್ಲಿ ಅಸಾಧ್ಯವೇನಲ್ಲ. ಆಮದು ರಫ್ತಿನ ಕಂಟೇನರುಗಳಿಗೆ ಆರ್‌ಎಫ್‌ಐಡಿ ಪಟ್ಟಿ ಅಂಟಿಸಿ ಬಂದರಿನಿಂದ ಒಳನಾಡಿನವರೆಗೆ ಗುರುತಿಸುವ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ 2016ರಿಂದ ಕೆಲಸ ಮಾಡುತ್ತಿದೆ. ವಿಶ್ವಬ್ಯಾಂಕಿನ 2023ರ ಲಾಜಿಸ್ಟಿಕ್ಸ್ ವರದಿ ಭಾರತದ ಬಂದರುಗಳನ್ನು ಮೆಚ್ಚಿತ್ತು: ಕಂಟೇನರ್ ಹಡಗು ಬಂದು ಹೊರಡುವುದಕ್ಕೆ ಸರಾಸರಿ 0.9 ದಿನ, ಕಂಟೇನರ್ ಬಂದರಿನಲ್ಲಿ ತಂಗುವುದು ಸರಾಸರಿ ಮೂರು ದಿನದೊಳಗೆ. ಹೆಮ್ಮೆಪಡಬೇಕಾದ ಸಾಧನೆಯೇ. ಆದರೆ ನಮ್ಮ ಪ್ರಕಟಣೆಗಳು ಸರಾಸರಿಯಲ್ಲೇ ನಿಲ್ಲುತ್ತವೆ. ಒಂಬತ್ತು ಪೆಟ್ಟಿಗೆ ಒಂದೊಂದು ದಿನ, ಹತ್ತನೆಯದು ಹತ್ತೊಂಬತ್ತು ದಿನ ತಂಗಿದರೂ ಸರಾಸರಿ ಮೂರು ದಿನಕ್ಕಿಂತ ಕಡಿಮೆಯೇ. ಕರಾರು ಮುರಿಯುವುದು, ತಡಕ್ಕೆ ಡೆಮರೇಜ್ ಎಂಬ ದಂಡ ತೆರುವುದು ಆ ಹತ್ತನೆಯ ಪೆಟ್ಟಿಗೆಯವನು. ಸರಾಸರಿಯ ಪಕ್ಕದಲ್ಲಿ ತೊಂಬತ್ತೈದನೇ ಪೆಟ್ಟಿಗೆಯ ಕಾಲವನ್ನೂ ಪ್ರತಿ ಬಂದರು ಪ್ರತಿ ತಿಂಗಳು ಪ್ರಕಟಿಸಲಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಮಾಹಿತಿ ಸರ್ಕಾರದ ಬಳಿ ಈಗಾಗಲೇ ಇದೆ.

ಕೊನೆಗೆ ಉಳಿಯುವುದು ದುಡ್ಡಿನ ಆಕ್ಷೇಪ. ಸಮಯ ಪಾಲಿಸಬೇಕಾದರೆ ವೇಳಾಪಟ್ಟಿಯಲ್ಲಿ ಬಿಡುವು ಇಡಬೇಕು, ಹೆಚ್ಚುವರಿ ಹಡಗು ಇಡಬೇಕು, ಬರ್ತ್‌ಗಳು ಸ್ವಲ್ಪ ಖಾಲಿ ಇರಬೇಕು. ಇದರ ಖರ್ಚು ಗ್ರಾಹಕನ ಮೇಲೆಯೇ ತಾನೇ ಬೀಳುವುದು? 2025ರ ಫೆಬ್ರುವರಿಯಲ್ಲಿ ಶುರುವಾದ ಒಂದು ಪ್ರಯೋಗ ಇದಕ್ಕೆ ಭಾಗಶಃ ಉತ್ತರ ಕೊಟ್ಟಿದೆ. ಮೆರ್ಸ್ಕ್ ಮತ್ತು ಹಪಾಗ್ ಲಾಯ್ಡ್ ಕೂಡಿ ಜೆಮಿನಿ ಎಂಬ ಜಾಲ ಕಟ್ಟಿ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಡಗು ಸಮಯಕ್ಕೆ ಸೇರಬೇಕೆಂಬ ಗುರಿ ಇಟ್ಟುಕೊಂಡವು. ತಾಯಿಹಡಗು ಮುಟ್ಟುವ ಬಂದರುಗಳನ್ನು ಕಡಿಮೆ ಮಾಡಿದರು; ಬಹುತೇಕ ತಮ್ಮದೇ ಹಿಡಿತದಲ್ಲಿರುವ ಟ್ಯಾಂಜಿಯರ್, ಸಲಾಲಾ, ತಂಜುಂಗ್ ಪೆಲೆಪಾಸ್‌ನಂಥ ಕೇಂದ್ರಗಳಲ್ಲಿ ಸರಕು ಬದಲಿಸಿ, ಅಲ್ಲಿಂದ ಅತ್ತಿತ್ತ ಓಡಾಡುವ ಶಟಲ್ ಹಡಗುಗಳಲ್ಲಿ ಉಳಿದ ಊರುಗಳಿಗೆ ಒಯ್ದರು. ಮೊದಲ ತಿಂಗಳುಗಳ ಅಳತೆಯಲ್ಲಿ ಅವು ಆ ಗುರಿಯ ಆಸುಪಾಸಿನಲ್ಲೇ ಇದ್ದವು. ಜಗತ್ತಿನ ಒಟ್ಟು ಸರಾಸರಿ ಆ ವರ್ಷದ ನಡುವಿಗೂ ಅರವತ್ತೈದು ಚಿಲ್ಲರೆ ಶೇಕಡದ ಸುತ್ತ ಇತ್ತು. ಗಮನಿಸಬೇಕಾದದ್ದೆಂದರೆ, ಇದೆಲ್ಲ ನಡೆದದ್ದು ಗುಡ್ ಹೋಪ್ ಸುತ್ತುವ ಉದ್ದ ದಾರಿಯಲ್ಲಿ. ದೂರ ಹೆಚ್ಚಿದ್ದರೂ ಮಾತು ಉಳಿಸಿಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು. ನಡುದಾರಿಯಲ್ಲಿ ಸರಕು ಬದಲಿಸುವುದೇ ಅಪಾಯವೆಂದು ಮೇಲೆ ಹೇಳಿದೆನಲ್ಲ, ಅದಕ್ಕೂ ಇಲ್ಲೊಂದು ತಿದ್ದುಪಡಿ ಸಿಗುತ್ತದೆ. ಕೊಂಡಿ ಇರುವುದಕ್ಕಿಂತ, ತಪ್ಪಿದ ಕೊಂಡಿಗೆ ಮುಂದಿನದು ಎಷ್ಟು ಬೇಗ ಸಿಗುತ್ತದೆ ಎಂಬುದು ಮುಖ್ಯ. ನವಮಂಗಳೂರಿಗೆ ದೈತ್ಯ ಹಡಗು ಬರಲಿ ಎಂದು ಹಂಬಲಿಸುವುದಕ್ಕಿಂತ, ವಾರಕ್ಕೆ ಎರಡು ಮೂರು ಸಲ ತಪ್ಪದೆ ಹೊರಡುವ ಸಣ್ಣ ಫೀಡರ್‌ಗಳನ್ನು ಕೇಳುವುದು ಕಾಫಿಗೂ ಗೋಡಂಬಿಗೂ ಹೆಚ್ಚು ಉಪಕಾರಿ.

ಇಲ್ಲಿ ಕಾನೂನು ಮಾಡಬೇಕಾದ ಕೆಲಸವನ್ನು ಮಾಡಿಲ್ಲ. 1978ರ ಹ್ಯಾಂಬರ್ಗ್ ನಿಯಮಗಳು ಒಪ್ಪಿದ ಕಾಲದಲ್ಲಿ, ಅಥವಾ ನ್ಯಾಯವೆನಿಸುವ ಕಾಲದಲ್ಲಿ, ಸರಕು ಮುಟ್ಟಿಸದಿದ್ದರೆ ಸಾಗಿಸುವವನನ್ನು ಹೊಣೆ ಮಾಡುತ್ತವೆ. ತಡವಾದ ಸರಕಿನ ಬಾಡಿಗೆಯ ಎರಡೂವರೆ ಪಟ್ಟಿನವರೆಗೆ ಪರಿಹಾರದ ಮಿತಿ ಇಟ್ಟಿವೆ. ದೊಡ್ಡ ಹಡಗು ದೇಶಗಳು ಅವನ್ನು ಒಪ್ಪಲಿಲ್ಲ. ಭಾರತ 1925ರ ಸಮುದ್ರ ಸಾಗಣೆ ಕಾಯ್ದೆಯ ಬದಲಿಗೆ 2025ರಲ್ಲಿ ಹೊಸದನ್ನು ತಂದಾಗಲೂ ಹೇಗ್ ವಿಸ್ಬಿ ನಿಯಮಗಳ ಹಳೆಯ ಚೌಕಟ್ಟಿನಲ್ಲೇ ಉಳಿಯಿತು. ಅದರಲ್ಲಿ ಸರಕು ಕಳೆದರೆ, ಕೆಟ್ಟರೆ ಹೊಣೆಯ ಲೆಕ್ಕವಿದೆ, ತಡಕ್ಕೆ ಅಂಥ ಸ್ಪಷ್ಟ ಲೆಕ್ಕವಿಲ್ಲ. ಕಂಪನಿಗಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕ್ಷಿಪಣಿಗೂ ಚಂಡಮಾರುತಕ್ಕೂ ಅವರು ಹೊಣೆಯಾಗಲಾರರು. 2024ರ ಜುಲೈಯಲ್ಲಿ ದಕ್ಷಿಣ ಆಫ್ರಿಕಾದ ಕರಾವಳಿಯ ಬಿರುಗಾಳಿಗೆ ಒಂದು ಹಡಗು 44 ಕಂಟೇನರುಗಳನ್ನು ಕಳೆದುಕೊಂಡಿತು. ಅದೇ ವರ್ಷದ ಮಾರ್ಚ್‌ನಲ್ಲಿ ಟ್ರೂ ಕಾನ್ಫಿಡೆನ್ಸ್ ಹಡಗಿನ ಮೇಲಿನ ದಾಳಿಯಲ್ಲಿ ಮೂವರು ನಾವಿಕರು ಸತ್ತರು. ನಾವಿಕರ ಜೀವಕ್ಕಿಂತ ಯಾವ ವೇಳಾಪಟ್ಟಿಯೂ ದೊಡ್ಡದಲ್ಲ, ಉದ್ದ ದಾರಿ ಹಿಡಿದದ್ದು ಸರಿಯಾದ ತೀರ್ಮಾನ. ಆದರೆ ಹಡಗು ತುಂಬಲಿಲ್ಲವೆಂದು ಪಯಣ ರದ್ದು ಮಾಡುವುದು, ಕಾಯ್ದಿರಿಸಿದ ಪೆಟ್ಟಿಗೆಯನ್ನು ಹೆಚ್ಚು ಬಾಡಿಗೆಯ ಸರಕಿಗಾಗಿ ದಡದಲ್ಲೇ ಬಿಟ್ಟುಹೋಗುವುದು ಬಿರುಗಾಳಿಯ ಲೆಕ್ಕಕ್ಕೆ ಬರುವುದಿಲ್ಲ. ಆ ಬಗೆಯ ತಡಕ್ಕಾದರೂ, ಬಾಡಿಗೆಯ ಒಂದು ಪಾಲಿನಷ್ಟಾದರೂ, ಹೊಣೆ ಬರೆಯಬೇಕು. ಕಂಪನಿಗೆ ಅದು ಸಣ್ಣ ಮೊತ್ತ. ಈಗ ಬೇರೆ ಯಾರೋ ತೆರುತ್ತಿರುವ ವೆಚ್ಚ ತೀರ್ಮಾನ ಮಾಡುವವನ ಖಾತೆಪುಸ್ತಕದಲ್ಲೂ ಕಾಣಿಸಿಕೊಳ್ಳಲು ಅಷ್ಟು ಸಾಕು.

ಮುಂದಿನ ಪರೀಕ್ಷೆ ಒಳ್ಳೆಯ ಸುದ್ದಿಯ ವೇಷದಲ್ಲೇ ಬರುತ್ತದೆ. ಕೆಂಪು ಸಮುದ್ರ ಶಾಂತವಾಗಿ ಹಡಗುಗಳು ಪೂರ್ಣವಾಗಿ ಸೂಯೆಜ್‌ಗೆ ಮರಳುವ ವಾರಗಳಲ್ಲಿ, ಗುಡ್ ಹೋಪ್ ಸುತ್ತಿ ಎರಡು ವಾರ ಮೊದಲೇ ಹೊರಟ ಹಡಗೂ ಕಾಲುವೆಯಿಂದ ನೇರ ಬಂದ ಹಡಗೂ ಜಿನೋವಾದಲ್ಲಿ, ರಾಟರ್‌ಡ್ಯಾಮ್‌ನಲ್ಲಿ, ಆಂಟ್‌ವರ್ಪ್‌ನಲ್ಲಿ ಒಂದೇ ವಾರ ಬಂದು ನಿಲ್ಲುತ್ತವೆ. ದಾರಿ ಕಿರಿದಾಗುವ ಆ ತಿಂಗಳು ಬಂದರುಗಳು ಕಿಕ್ಕಿರಿದು, ಖಾಲಿ ಪೆಟ್ಟಿಗೆಗಳು ತಪ್ಪಾದ ಖಂಡದಲ್ಲಿ ಕೂತು, ಫೀಡರ್‌ಗಳು ಕೊಂಡಿ ತಪ್ಪಿ, ಸರಕಿನ ದಿನ ಮತ್ತೆ ಗೊತ್ತಿಲ್ಲದಾಗುತ್ತದೆ. ಆ ಮರಳುವಿಕೆ ಯಾವಾಗ, ಯಾವ ಸೇವೆಯಿಂದ, ಎಷ್ಟು ಹಂತಗಳಲ್ಲಿ ಎಂದು ಕಂಪನಿಗಳು ತಿಂಗಳಿಗೂ ಮೊದಲೇ ಹೇಳಬೇಕೆಂದು ಕಾಫಿ ಮಂಡಳಿ, ರಫ್ತುದಾರರ ಸಂಘಗಳು ಮತ್ತು ಬಂದರು ಪ್ರಾಧಿಕಾರ ಈಗಲೇ ಕೂತು ಕೇಳಬೇಕು. ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಕಣದಲ್ಲಿ ಒಣಗುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಆ ಬದಲಾವಣೆ ಬಂದರೆ, ಪಣಂಬೂರಿಗೆ ಇಳಿಯುವ ಲಾರಿಗಳನ್ನು ಎಷ್ಟು ದಿನ ಘಾಟಿಯ ಮೇಲೆಯೇ ತಡೆಹಿಡಿಯಬೇಕೆಂದು ಆಗ ಹೇಳುವವರು ಬೇಕಾಗುತ್ತಾರೆ.